ಗೆಣಸಿನ ಹೊಲದ ಜಗಳ

ಹೊಲದ ಬದುವಿನ ಮೇಲೆ ಕಾಲಿಡುತ್ತಿದ್ದಂತೆಯೇ ಜಗದಾಂಬಾ ಗಕ್ಕನೆ ನಿಂತಳು. ಎಂಟು ಸಾಲು ಗೆಣಸಿನ ಬಳ್ಳಿ ಇರಬೇಕಾದ ಕಡೆ ನಾಲ್ಕೇ ಸಾಲು ಇದ್ದವು. ಉಳಿದ ನಾಲ್ಕರ ಜಾಗದಲ್ಲಿ ಬರೀ ಕೆದರಿದ ಕೆಂಪು ಮಣ್ಣು. ಬದುವಿನಾಚೆ ಒಂದು ಬೂದಿಗುಡ್ಡೆ. ಅದರಿಂದ ಇನ್ನೂ ಸಣ್ಣಗೆ ಹೊಗೆ ಏಳುತ್ತಿತ್ತು.

ಬೂದಿಯ ಪಕ್ಕ ಒಬ್ಬ ಯುವಕ ಕೂತು ಕೈಗೆ ಮೆತ್ತಿದ ಮಣ್ಣು ಉಜ್ಜಿಕೊಳ್ಳುತ್ತಿದ್ದ. ಮೈಮೇಲೆ ಕಾರ್ಖಾನೆಯ ನೀಲಿ ಶರ್ಟು, ಮೊಣಕಾಲವರೆಗೆ ಮಡಚಿದ ಪ್ಯಾಂಟು.

"ರೀ, ಇಲ್ಲಿದ್ದ ಬಳ್ಳಿ ಎಲ್ಲಿ?"

"ಕಿತ್ತೆ."

"ಯಾರು ಕೀಳೋಕೆ ಹೇಳಿದ್ದು?"

"ಬಳ್ಳಿನೇ ಹೇಳ್ತು. ಬುಡ ಕಪ್ಪಾಗಿತ್ತು, ಎಲೆ ಹಳದಿ ತಿರುಗಿತ್ತು. ಇನ್ನೊಂದು ವಾರ ಬಿಟ್ಟಿದ್ರೆ ಇಡೀ ಹೊಲಕ್ಕೆ ಹಬ್ತಿತ್ತು."

"ರೋಗ ಬರಲಿ ಅಂತಾನೇ ಅದನ್ನ ಬಿಟ್ಟಿದ್ದು ಕಣ್ರೀ!"

ಅವನು ನಿಧಾನಕ್ಕೆ ಎದ್ದು ನಿಂತ. ಎತ್ತರದ ಆಳು. ಕೋಪ ಬಂದರೆ ಅವನ ದನಿ ಏರುವ ಬದಲು ಇಳಿಯುತ್ತದೆ ಎಂಬುದು ಅವಳಿಗೆ ಆ ದಿನವೇ ತಿಳಿಯಿತು. "ಏನಂದ್ರಿ? ನಮ್ಮ ಹೊಲದಲ್ಲಿ, ನಮ್ಮ ಅವ್ವ ನೀರು ಹೊತ್ತು ಬೆಳೆಸೋ ಬೆಳೆಗೆ, ರೋಗ ಬರಲಿ ಅಂತ ಬಿಟ್ಟಿದ್ರಾ?"

ತಾನು ಆಡಿದ ಮಾತು ಕೇಳುವವರ ಕಿವಿಗೆ ಹೇಗಿರುತ್ತದೆಂದು ಅವಳಿಗೆ ಆಗ ಹೊಳೆಯಿತು. ಆದರೂ ಸೋಲಲು ಮನಸ್ಸಿಲ್ಲ. "ನಾಲ್ಕು ಸಾಲಿಗೆ ಔಷಧಿ ಹಾಕಿ, ನಾಲ್ಕು ಸಾಲಿಗೆ ಏನೂ ಹಾಕದೇ ಬಿಟ್ರೆ ತಾನೇ ಔಷಧಿ ಕೆಲಸ ಮಾಡುತ್ತಾ, ಇಲ್ವಾ ಅಂತ ಗೊತ್ತಾಗೋದು? ಇದಕ್ಕೆ ಒಪ್ಪಿ ತಾನೇ ನಿಮ್ಮ ತಾಯಿ ಸೈನ್ ಹಾಕಿದ್ದು?"

"ಎಂಟು ಸಾಲಿಗೂ ಔಷಧಿ ಹಾಕ್ತೀವಿ ಅಂತ ಹೇಳಿ ಸೈನ್ ಹಾಕಿಸ್ಕೊಂಡಿದ್ದು ನಿಮ್ಮ ಸಾಹೇಬ್ರು. ಬೇಕಾದ್ರೆ ಅವ್ವನ್ನೇ ಕೇಳಿ."

ಇದು ಎರಡು ಸಾವಿರದ ಇಸವಿಯ ಆಗಸ್ಟ್ ತಿಂಗಳ ಮಾತು. ವಿಶ್ವವಿದ್ಯಾಲಯವೊಂದರ ಗೆಡ್ಡೆ ಬೆಳೆ ರೋಗ ಘಟಕ ಆಗ ಶಿವಮೊಗ್ಗದ ಬಾಡಿಗೆ ಕಟ್ಟಡವೊಂದರಲ್ಲಿತ್ತು. ಸಸ್ಯರೋಗ ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದ ಜಗದಾಂಬಾ ಅಲ್ಲಿ ಸಂಶೋಧನಾ ಸಹಾಯಕಿಯಾಗಿ ಸೇರಿ ಹತ್ತು ದಿನವಾಗಿತ್ತಷ್ಟೆ. ಗೆಣಸಿಗೆ ಬರುವ ಕಪ್ಪು ಕೊಳೆ ರೋಗವನ್ನು ತಡೆಯುವುದು ಹೇಗೆಂದು ಕಂಡುಹಿಡಿಯುವುದು ಅವಳ ಕೆಲಸ. ಭದ್ರಾವತಿಯ ಆಚೆ ಇದ್ದ ಈ ಹೊಲವನ್ನು ಗೊತ್ತುಮಾಡಿ ಬಳ್ಳಿ ನೆಡಿಸಿದ್ದು ಘಟಕದ ಮುಖ್ಯಸ್ಥರಾದ ಡಾ. ಶ್ರೀನಿವಾಸಮೂರ್ತಿ. ಹೊಲದ ಒಡತಿ ಹೂವಮ್ಮ. ನೀಲಿ ಶರ್ಟಿನವನು ಅವಳ ಒಬ್ಬನೇ ಮಗ ಹಾಲೇಶ, ಕಾರ್ಖಾನೆಯಲ್ಲಿ ಫಿಟ್ಟರ್.

ಹೂವಮ್ಮನನ್ನು ಕೇಳಿದ್ದಾಯಿತು. ಅವಳು ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ.

"ಹೂಂ ತಾಯಿ, ಎಲ್ಲಾ ಸಾಲಿಗೂ ಔಷಧಿ ಅಂದ್ರು. ಬರೀ ಬಿಡೋ ಸಾಲಿನ ಸುದ್ದಿನೇ ಎತ್ತಲಿಲ್ಲ. ಎತ್ತಿದ್ರೆ ನಾನು ಬೇಡ ಅಂತಿದ್ನಾ? ತೋಟ ಅಲ್ಲ, ತುಡಿಕೆ ಅಲ್ಲ, ನಾಲ್ಕು ಸಾಲು. ಹೇಳಿ ಕೇಳಿದ್ರೆ ಕೊಡ್ತಿದ್ದೆ."

ಜಗದಾಂಬಾಳ ಮುಖ ಕೆಂಪಾಯಿತು. ಇಷ್ಟು ಹೊತ್ತು ಹಾಲೇಶನ ಮೇಲಿದ್ದ ಸಿಟ್ಟು ಸಾಹೇಬರತ್ತ ತಿರುಗಿತು. ನಿಜ ಹೇಳಿದ್ದರೆ ಒಪ್ಪುತ್ತಿದ್ದ ಹೆಂಗಸಿಗೆ ಸುಳ್ಳು ಹೇಳುವ ಅಗತ್ಯವಾದರೂ ಏನಿತ್ತು?

"ತಪ್ಪಾಯ್ತು," ಎಂದಳು. ಆ ಮಾತನ್ನೂ ಜಗಳ ಕಾಯುವ ದನಿಯಲ್ಲೇ ಹೇಳಿದಳು. ಹಾಲೇಶನಿಗೆ ನಗು ಬಂತು. ಮುಚ್ಚಿಕೊಳ್ಳಲು ಮುಖ ಪಕ್ಕಕ್ಕೆ ತಿರುಗಿಸಿದ.

"ನಗ್ತಾ ಇದೀರಾ?"

"ಇಲ್ಲ ಮೇಡಂ. ಹೊಗೆ ಕಣ್ಣಿಗೆ ಹೋಯ್ತು."

ಪ್ರಯೋಗ ಕೆಟ್ಟುಹೋಗಿತ್ತು. ಎಲ್ಲವನ್ನೂ ಮೊದಲಿಂದ ನೆಡಬೇಕು. ಹೊಲದ ಇನ್ನೊಂದು ಮಗ್ಗುಲಲ್ಲಿ, ಮೂರು ವರ್ಷ ಗೆಣಸನ್ನೇ ಕಾಣದ ಜಾಗವನ್ನು ಹೂವಮ್ಮ ತೋರಿಸಿದಳು. ಹಾಲೇಶ ಎರಡು ಷರತ್ತು ಹಾಕಿದ. ಏನು ಮಾಡುತ್ತಿದ್ದೀರೆಂದು ಪ್ರತಿ ಸಲವೂ ಅವ್ವನಿಗೆ ಬಿಡಿಸಿ ಹೇಳಬೇಕು. ಮತ್ತು ಬರುವುದಾದರೆ ಮೇಡಂ ತಾವೇ ಬರಬೇಕು, ಇನ್ನೊಬ್ಬರನ್ನು ಕಳಿಸಕೂಡದು.

"ಎರಡನೇ ಷರತ್ತು ಯಾಕೆ?"

"ಜಗಳ ಆಡೋಕೆ ಗುರ್ತಿರೋರು ಇದ್ರೆ ಅನುಕೂಲ."

ಬಳ್ಳಿಯನ್ನು ತುಂಡು ಮಾಡಲು ಕೂತಾಗ ಹೂವಮ್ಮ ಅವಳ ಕೈ ತಡೆದಳು. ಗೆಣಸಿನ ಮಡಿಯಲ್ಲಿ ಚಿಗುರಿದ ಬಳ್ಳಿಯನ್ನು ಜಗದಾಂಬಾ ಬುಡದಿಂದಲೇ ಕೀಳುತ್ತಿದ್ದಳು.

"ಹಂಗಲ್ಲ ಮಾರಾಯ್ತಿ. ಮಣ್ಣೊಳಗೆ ಇರೋದನ್ನ ಮಣ್ಣಲ್ಲೇ ಬಿಡಬೇಕು. ನೆಲದಿಂದ ನಾಲ್ಕು ಬೆರಳು ಮೇಲೆ ಕೊಯ್ಕೋ. ನಮ್ಮವ್ವ ಹಂಗೇ ಮಾಡ್ತಿದ್ಲು. ಅವಳ ಗೆಣಸು ಯಾವತ್ತೂ ಕಹಿ ಆಗ್ಲಿಲ್ಲ."

ಜಗದಾಂಬಾ ಕುಡುಗೋಲು ಕೆಳಗಿಟ್ಟಳು. ಕಪ್ಪು ಕೊಳೆಯ ಶಿಲೀಂಧ್ರ ಇರುವುದು ಮಣ್ಣಲ್ಲಿ ಮತ್ತು ಗೆಡ್ಡೆಯಲ್ಲಿ. ಅದು ತಗುಲಿದ ಗೆಡ್ಡೆಯನ್ನು ಬೇಯಿಸಿದರೆ ಇಡೀ ಗೆಣಸು ಕಹಿ. ಮಣ್ಣು ಮುಟ್ಟದ ತುಂಡನ್ನಷ್ಟೇ ಕೊಯ್ದರೆ ರೋಗ ಹೊಸ ಹೊಲಕ್ಕೆ ಹೋಗುವುದು ಯಾವ ದಾರಿಯಿಂದ? ದೇಶ ವಿದೇಶದ ಪುಸ್ತಕಗಳಲ್ಲಿ ಇದನ್ನು ಅವಳೂ ಓದಿದ್ದಳು. ಓದಿ ಪರೀಕ್ಷೆ ಬರೆದು ಮರೆತಿದ್ದಳು.

"ಇನ್ನೂ ನಾಲ್ಕು ಸಾಲು ಕೊಡ್ತೀರಾ ಅಮ್ಮಾ? ಬರೀ ನೀವು ಹೇಳಿದ ಹಾಗೆ ಕೊಯ್ದ ಬಳ್ಳಿಗೆ. ಔಷಧಿ ಇಲ್ಲ, ಏನಿಲ್ಲ."

"ತಗೋ," ಎಂದಳು ಹೂವಮ್ಮ, ಒಂದು ಹಿಡಿ ಉಪ್ಪು ಕೊಟ್ಟಷ್ಟು ಸಲೀಸಾಗಿ.

ಹನ್ನೆರಡು ಸಾಲು. ಯಾವ ಸಾಲಿಗೆ ಯಾವುದು ಎಂದು ನಿರ್ಧರಿಸಲು ಅವಳು ಹನ್ನೆರಡು ಚೀಟಿ ಬರೆದು ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಹಾಕಿ ಹಾಲೇಶನ ಮುಂದೆ ಹಿಡಿದಳು.

"ಇದೇನು, ಲಾಟರಿನಾ?"

"ನಾನೇ ಆರಿಸಿದ್ರೆ ನನಗೆ ಇಷ್ಟ ಆದದ್ದಕ್ಕೆ ಒಳ್ಳೆ ಜಾಗ ಕೊಟ್ಬಿಡ್ತೀನಿ. ಗೊತ್ತಿಲ್ದೇನೇ. ಮನಸ್ಸು ಮೋಸ ಮಾಡುತ್ತೆ."

"ಮನಸ್ಸನ್ನ ಅಷ್ಟೂ ನಂಬಲ್ವಾ ನೀವು?"

"ಕೆಲಸದ ವಿಷಯದಲ್ಲಿ ನಂಬಲ್ಲ."

"ಬೇರೆ ವಿಷಯದಲ್ಲಿ?"

"ಚೀಟಿ ತೆಗೀರಿ," ಎಂದಳು ಜಗದಾಂಬಾ. ಅವನು ತೆಗೆದ. ಚೀಟಿಯನ್ನು ಅವಳ ಅಂಗೈಗೆ ಇಡುವಾಗ ಬೆರಳು ತಾಗದಂತೆ ಎಷ್ಟು ಜೋಪಾನ ಮಾಡಿದನೆಂದರೆ, ತಾಗಿದ್ದರೂ ಅವಳು ಅಷ್ಟು ಗಮನಿಸುತ್ತಿರಲಿಲ್ಲ.

ಆಮೇಲಿನ ನಾಲ್ಕು ತಿಂಗಳು ಪ್ರತಿ ಗುರುವಾರ ಅವಳು ಶಿವಮೊಗ್ಗದ ಗೋಪಾಳ ಬಡಾವಣೆಯ ಮನೆಯಿಂದ ಹೊರಟು ಎರಡು ಬಸ್ಸು ಹಿಡಿದು ಹೊಲಕ್ಕೆ ಬಂದಳು. ಔಷಧಿ ಸಾಲಿಗೆ ಕೆಂಪು ಗೂಟ, ಏನೂ ಹಾಕದ್ದಕ್ಕೆ ಬಿಳಿ, ಹೂವಮ್ಮನ ಸಾಲಿಗೆ ಹಸಿರು. ಬಾಡಿದ ಬಳ್ಳಿ ಎಣಿಸುವುದು, ನೋಟ್ ಬುಕ್ಕಿನಲ್ಲಿ ಬರೆಯುವುದು, ಹೂವಮ್ಮನಿಗೆ ಓದಿ ಹೇಳುವುದು. ಮಧ್ಯಾಹ್ನದ ಪಾಳಿ ಇದ್ದ ವಾರ ಹಾಲೇಶ ಬೆಳಿಗ್ಗೆ ಹೊಲದಲ್ಲಿರುತ್ತಿದ್ದ. ಬೆಳಗಿನ ಪಾಳಿಯ ವಾರ ಇರುತ್ತಿರಲಿಲ್ಲ. ಒಂದೆರಡು ತಿಂಗಳು ಕಳೆದ ಮೇಲೆ ಪಾಳಿ ಯಾವುದಿದ್ದರೂ ಗುರುವಾರ ಅವನು ಇರತೊಡಗಿದ.

"ಪಾಳಿ ಬದಲಾಯಿಸ್ಕೊಂಡ್ರಾ?"

"ಗುರುವಾರ ನನಗೆ ಒಂದು ವ್ರತ ಇದೆ."

"ಯಾವ ದೇವ್ರದ್ದು?"

"ಜಗದಾಂಬೆ ಅಂತ ಒಂದು ದೇವ್ರು. ತುಂಬಾ ಸಿಟ್ಟಿನ ದೇವ್ರು."

ಅವಳಿಗೆ ನಿಜಕ್ಕೂ ಸಿಟ್ಟು ಬಂತು. ಅಜ್ಜಿಯದೆಂದು ತನಗಿಟ್ಟ ಆ ಹೆಸರಿಗೆ ಬಾಲ್ಯದಿಂದಲೂ ತಮಾಷೆ ಕೇಳಿ ಕೇಳಿ ಸಾಕಾಗಿತ್ತು. "ಹೆಸರಲ್ಲಿ ಆಟ ಆಡಿದ್ರೆ ನಾನು ಬರೋದೇ ನಿಲ್ಲಿಸ್ತೀನಿ."

"ಆಟ ಅಲ್ಲ ಮೇಡಂ." ಅವನ ದನಿ ಇಳಿಯಿತು, ಆದರೆ ಈ ಸಲ ಕೋಪಕ್ಕಲ್ಲ. "ಆ ಹೆಸರು ಬಾಯಲ್ಲಿ ತಗೊಳ್ಳೋಕೆ ನನಗೆ ಬೇರೆ ನೆಪ ಸಿಗ್ತಿಲ್ಲ."

ಅವಳು ಬಗ್ಗಿ ಬಳ್ಳಿ ಎಣಿಸತೊಡಗಿದಳು. ಇಪ್ಪತ್ತೆರಡು, ಇಪ್ಪತ್ಮೂರು. ಇಪ್ಪತ್ಮೂರಾದ ಮೇಲೆ ಎಷ್ಟೆಂದು ಮರೆತು ಮತ್ತೆ ಒಂದರಿಂದ ಶುರುಮಾಡಿದಳು. ಅವನು ನೋಡುತ್ತಿದ್ದಾನೆಂದು ಬೆನ್ನಿಗೆ ತಿಳಿಯುತ್ತಿತ್ತು. ಗೆಣಸಿನ ತಿಳಿನೇರಳೆ ಹೂವು ಅಲ್ಲೊಂದು ಇಲ್ಲೊಂದು ಅರಳಿದ್ದವು. ಅವನ್ನು ಎಣಿಸುವ ಅಗತ್ಯ ಪ್ರಯೋಗಕ್ಕಿರಲಿಲ್ಲ. ಆದರೂ ಅಂದಿನ ಪುಟದ ಅಂಚಿನಲ್ಲಿ ಅವಳು ಬರೆದಳು: ಹೂವು, ಒಂಬತ್ತು.

ಮನೆಯಲ್ಲಿ ತಾಯಿ ಶಂಕರಮ್ಮ ಗಮನಿಸಿದ್ದರು. "ಗುರುವಾರ ಅಂದ್ರೆ ಇಸ್ತ್ರಿ ಮಾಡಿದ ಚೂಡಿದಾರ. ಹೊಲಕ್ಕೆ ಹೋಗೋಕೆ ಇಸ್ತ್ರಿ ಯಾಕೆ?"

"ಆಫೀಸಿನ ಮರ್ಯಾದೆ ಅಮ್ಮಾ," ಎಂದಿದ್ದಳು.

ಜನವರಿ ಮೊದಲ ವಾರ, ಸಂಕ್ರಾಂತಿಗೆ ಗೆಣಸು ಪೇಟೆಗೆ ಹೋಗುವ ಮುಂಚೆ ಅಗೆದರು. ಗೆಡ್ಡೆ ಹೆಚ್ಚು ದಿನ ಮಣ್ಣಲ್ಲಿದ್ದರೆ ಏನಾಗುತ್ತದೆಂದು ನೋಡಲು ಪ್ರತಿ ಸಾಲಿನ ತುದಿಯಲ್ಲಿ ಒಂದು ಮಾರು ಜಾಗ ಹಾಗೇ ಬಿಟ್ಟರು. ಉಳಿದದ್ದನ್ನು ಗೂಟದ ಬಣ್ಣದ ಪ್ರಕಾರ ಬೇರೆ ಬೇರೆ ಗುಡ್ಡೆ ಹಾಕಿ ಮೂವರೂ ಕೂತು ಆರಿಸಿದರು. ಏನೂ ಹಾಕದ ಸಾಲಿನಲ್ಲಿ ನೂರಕ್ಕೆ ನಲವತ್ತಮೂರು ಗೆಡ್ಡೆಗೆ ಕಪ್ಪು ಕೊಳೆ. ಔಷಧಿ ಸಾಲಿನಲ್ಲಿ ಹತ್ತೊಂಬತ್ತು. ಹೂವಮ್ಮನ ಸಾಲಿನಲ್ಲಿ ಏಳು.

"ಏಳು!" ಜಗದಾಂಬಾ ಮಣ್ಣಿನ ಕೈಯಲ್ಲೇ ಹೂವಮ್ಮನ ಎರಡೂ ಕೆನ್ನೆ ಹಿಡಿದಳು. "ಅಮ್ಮಾ, ಬರೀ ಏಳು!"

"ಅಯ್ಯೋ ಮಗಾ, ಏಳಾದ್ರೂ ಯಾಕೆ ಬಂತು ಅಂತ ನೋಡು," ಎಂದಳು ಹೂವಮ್ಮ. ಹಾಲೇಶ ಜಗದಾಂಬಾಳ ನಗುವನ್ನು ನೋಡುತ್ತ, ಕೈಯಲ್ಲಿದ್ದ ಒಳ್ಳೆಯ ಗೆಣಸನ್ನು ಕೊಳೆತ ಗುಡ್ಡೆಗೆ ಹಾಕಿಬಿಟ್ಟ.

ಅವಳು ವರದಿ ಬರೆದು ಶ್ರೀನಿವಾಸಮೂರ್ತಿಯವರ ಮೇಜಿನ ಮೇಲಿಟ್ಟಳು. ಮೂರೂ ಅಂಕಿ, ಹನ್ನೆರಡೂ ಸಾಲು, ಹೂವಮ್ಮನ ಹೆಸರು, ಎಲ್ಲವೂ ಅದರಲ್ಲಿತ್ತು.

ಫೆಬ್ರವರಿಯ ಒಂದು ಸಂಜೆ ಅವಳು ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಗೋಪಾಳದ ಸಿಟಿ ಬಸ್ಸಿಗೆ ಕಾಯುತ್ತಿದ್ದಾಗ ಹಾಲೇಶ ಎದುರಿಗೆ ಬಂದ. ಭದ್ರಾವತಿಯಿಂದ ಇವಳನ್ನೇ ಹುಡುಕಿಕೊಂಡು ಬಂದಿದ್ದಾನೆಂದು ನೋಡಿದ ತಕ್ಷಣ ಗೊತ್ತಾಯಿತು. ಖುಷಿಯಿಂದ ಬಾಯಿ ತೆರೆಯುವಷ್ಟರಲ್ಲಿ ಅವನು ಒಂದು ಕರಪತ್ರವನ್ನು ಮುಂದೆ ಹಿಡಿದ.

"ಔಷಧಿ ಅಂಗಡಿ ಕೌಂಟರ್ ಮೇಲೆ ಇಟ್ಟಿದಾರೆ. ಓದಿ."

'ಗೆಣಸಿನ ಕಪ್ಪು ಕೊಳೆ ರೋಗ: ನಿರ್ವಹಣಾ ಕ್ರಮ.' ಬಳ್ಳಿಯನ್ನು ಔಷಧಿಯಲ್ಲಿ ಅದ್ದಿ ನೆಡಬೇಕು, ರೋಗ ನೂರಕ್ಕೆ ಏಳಕ್ಕೆ ಇಳಿಯುತ್ತದೆ. ಕೆಳಗೆ ಔಷಧ ಕಂಪನಿಯ ಜಾಹೀರಾತು. ಅದರ ಕೆಳಗೆ ಎರಡು ಹೆಸರು: ಡಾ. ಶ್ರೀನಿವಾಸಮೂರ್ತಿ, ಕುಮಾರಿ ಜಗದಾಂಬಾ.

"ನಮ್ಮವ್ವನ ಸಾಲು ಎಲ್ಲಿ ಹೋಯ್ತು?" ಹಾಲೇಶನ ದನಿ ಪಿಸುಮಾತಿನಷ್ಟು ಇಳಿದಿತ್ತು. "ಅವಳ ಏಳನ್ನ ತೆಗೆದು ಔಷಧಿ ಹೆಸರಿಗೆ ಬರೆದ್ರಲ್ಲಾ, ಕೈ ಹೇಗೆ ಬಂತು ನಿಮಗೆ?"

"ನಾನು ಇದನ್ನ ಈಗಲೇ ನೋಡ್ತಾ ಇರೋದು."

"ಹೆಸರು ನಿಮ್ದೇ ಇದೆ."

"ಹಾಲೇಶ್, ನಾನು..."

"ಮನಸ್ಸು ಮೋಸ ಮಾಡುತ್ತೆ ಅಂದಿದ್ರಿ. ಸರಿಯಾಗೇ ಹೇಳಿದ್ರಿ." ಅವನು ತಿರುಗಿ ಹೊರಟುಹೋದ. ಬಸ್ಸುಗಳ ಮಧ್ಯೆ ಆ ನೀಲಿ ಶರ್ಟು ಕಾಣುವವರೆಗೂ ಅವಳು ನೋಡಿದಳು. ಆಮೇಲೆ ಕರಪತ್ರವನ್ನು ಇನ್ನೊಮ್ಮೆ ಓದಿದಳು. ಸುಳ್ಳು ಬರೆದವರ ಮೇಲೆ ಎಷ್ಟು ಸಿಟ್ಟೋ, ಒಂದು ಮಾತು ಕೇಳದೆ ಅದನ್ನು ನಂಬಿದವನ ಮೇಲೂ ಅಷ್ಟೇ ಸಿಟ್ಟು.

ಮರುದಿನ ಅವಳು ಕದ ತಟ್ಟದೆಯೇ ಶ್ರೀನಿವಾಸಮೂರ್ತಿಯವರ ಕೋಣೆಗೆ ಹೋದಳು. ಅವರು ಫೈಲುಗಳಿಗೆ ಸಹಿ ಹಾಕುತ್ತಿದ್ದರು. ಮಾತಾಡುವಾಗಲೂ ಸಹಿ ನಿಲ್ಲಿಸಲಿಲ್ಲ.

"ನೋಡಮ್ಮಾ, ಬಳ್ಳಿನ ನಾಲ್ಕು ಬೆರಳು ಮೇಲೆ ಕೊಯ್ಯಿರಿ ಅಂತ ಹೇಳೋಕೆ ಒಂದು ವಿಶ್ವವಿದ್ಯಾಲಯ ಬೇಕಾ? ಜನ ನಗ್ತಾರೆ."

"ನಗಲಿ ಸರ್. ಅದು ಕೆಲಸ ಮಾಡುತ್ತೆ. ಅದರ ಅಂಕಿನ ಔಷಧಿಗೆ ಕೊಟ್ಟಿದ್ದು ಯಾಕೆ?"

"ಹತ್ತೊಂಬತ್ತು ಅಂತ ಹಾಕಿದ್ರೆ ಯಾರು ತಗೋತಾರೆ? ಮುಂದಿನ ವರ್ಷದ ಪ್ರಾಜೆಕ್ಟಿಗೆ ಕಂಪನಿ ಸಹಾಯ ಬೇಡ್ವಾ? ನಿನ್ನ ಹೆಸರೂ ಹಾಕಿದೀನಿ. ಚಿಕ್ಕ ವಯಸ್ಸಲ್ಲಿ ಹೆಸರು ಪ್ರಿಂಟ್ ಆಗೋದು ಸಣ್ಣ ವಿಷಯ ಅಲ್ಲ."

"ನನ್ನ ಹೆಸರು ತೆಗೀರಿ."

ಆಗ ಪೆನ್ನು ನಿಂತಿತು. "ಮುಂದಿನ ಭಾನುವಾರ ಅದೇ ಹೊಲದಲ್ಲಿ ರೈತರಿಗೆ ಬೆಳೆ ತೋರಿಸೋ ಕ್ಷೇತ್ರೋತ್ಸವ ಇದೆ. ಸುಮ್ನೆ ಬಂದು ವೇದಿಕೆ ಮೇಲೆ ಕೂತ್ಕೋ. ಮಾರ್ಚ್ ಕೊನೆಗೆ ನಿನ್ನ ಕೆಲಸದ ಅವಧಿ ಮುಗಿಯುತ್ತೆ. ಮುಂದುವರಿಸೋದು ಬಿಡೋದು ನನ್ನ ಕೈಲಿದೆ, ನೆನಪಿರ್ಲಿ."

ಅವಳು ಏನೂ ಹೇಳದೆ ಹೊರಬಂದಳು. ಸುಮ್ಮನಿರಲು ಒಪ್ಪಿದಳೆಂದು ಅವರು ತಿಳಿದರು.

ಭಾನುವಾರ ಹೊಲದ ಅಂಚಿನಲ್ಲಿ ಶಾಮಿಯಾನ ಹಾಕಿದ್ದರು. ಸುತ್ತಲ ಹಳ್ಳಿಗಳಿಂದ ಗೆಣಸು ಬೆಳೆಯುವ ಎಂಬತ್ತು, ತೊಂಬತ್ತು ಜನ ಬಂದಿದ್ದರು. ಹೂವಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ಹಾಲೇಶ ಕೊನೆಯಲ್ಲಿ, ಕಂಬಕ್ಕೊರಗಿ ನಿಂತಿದ್ದ. ಅವಳತ್ತ ನೋಡಲಿಲ್ಲ. ಅವಳೂ ನೋಡಲಿಲ್ಲ. ಆದರೆ ಅವನು ಅಂದು ನೀಲಿಯಲ್ಲ, ಬಿಳಿ ಶರ್ಟು ಹಾಕಿದ್ದಾನೆಂದು ಅವಳಿಗೆ ಹೇಗೋ ತಿಳಿದಿತ್ತು.

ಶ್ರೀನಿವಾಸಮೂರ್ತಿಯವರು ಔಷಧಿಯ ಗುಣಗಾನ ಮುಗಿಸಿ ಕೂತರು. ವಂದನಾರ್ಪಣೆಗೆ ಜಗದಾಂಬಾಳ ಹೆಸರು ಕರೆದರು. ಅವಳು ಮೈಕಿನ ಮುಂದೆ ನಿಂತು ನೋಟ್ ಬುಕ್ ತೆರೆದಳು.

"ವಂದನೆ ಆಮೇಲೆ ಹೇಳ್ತೀನಿ. ಈ ಕರಪತ್ರದಲ್ಲಿ ನನ್ನ ಹೆಸರಿದೆ. ಆದ್ರೆ ಇದರಲ್ಲಿರೋ ಅಂಕಿ ಸುಳ್ಳು. ಔಷಧಿ ಸಾಲಲ್ಲಿ ರೋಗ ಬಂದಿದ್ದು ಹತ್ತೊಂಬತ್ತು. ಏಳು ಅನ್ನೋದು..."

ಮೈಕು ಕಟ್ ಆಯಿತು. ಯಾರು ಕಟ್ ಮಾಡಿದರೆಂದು ನೋಡುವ ಗೋಜಿಗೆ ಅವಳು ಹೋಗಲಿಲ್ಲ. ವೇದಿಕೆಯಿಂದ ಇಳಿದು ಜನರ ನಡುವೆ ನಿಂತು ಗಂಟಲೇರಿಸಿದಳು. "ಏಳು ಅನ್ನೋದು ಹೂವಮ್ಮ ಕೊಯ್ದು ಕೊಟ್ಟ ಬಳ್ಳಿದು! ಔಷಧಿನೇ ಹಾಕದ ಸಾಲಿದು!"

"ಈ ಹುಡುಗಿಗೆ ಅನುಭವ ಇಲ್ಲ, ಸಾಲು ಅದಲು ಬದಲು ಮಾಡ್ಕೊಂಡಿದಾಳೆ," ಎಂದು ಶ್ರೀನಿವಾಸಮೂರ್ತಿಯವರು ನಗಲು ಪ್ರಯತ್ನಿಸಿದರು.

ಹೂವಮ್ಮ ಎದ್ದು ನಿಂತಳು. "ಸಾರ್, ಅವಳಿಗೆ ಗೊತ್ತಿಲ್ಲ ಅಂತಾನೇ ಇಟ್ಕೊಳ್ಳಿ. ಬಳ್ಳಿ ಕೊಯ್ದೋಳು ನಾನು, ನೆಟ್ಟೋಳು ನಾನು, ನೀರು ಕಟ್ಟಿದೋಳು ನಾನು. ನನ್ನ ಸಾಲು ಯಾವುದು ಅಂತ ನನಗೂ ಗೊತ್ತಿಲ್ವಾ?"

ಶಾಮಿಯಾನದಲ್ಲಿ ಗುಜುಗುಜು ಎದ್ದಿತು. ಜಗದಾಂಬಾ ಹೊಲದತ್ತ ಕೈ ತೋರಿಸಿದಳು. "ನನ್ನ ಮಾತೂ ನಂಬಬೇಡಿ, ಸಾಹೇಬ್ರ ಮಾತೂ ನಂಬಬೇಡಿ. ಪ್ರತಿ ಸಾಲಿನ ತುದಿಯಲ್ಲಿ ಒಂದು ಮಾರು ಅಗೆಯದೇ ಬಿಟ್ಟಿದೆ. ಅಗೆದು ನೋಡಿ."

ಬಿಳಿ ಶರ್ಟಿನವನು ಕಂಬ ಬಿಟ್ಟು ಹೊಲಕ್ಕಿಳಿದ. ಗುದ್ದಲಿ ತೆಗೆದುಕೊಂಡು ಮೊದಲು ಕೆಂಪು ಗೂಟದ ಬಳಿ ಅಗೆದ. ಜನ ಸುತ್ತುವರಿದರು. ಮಾರಪ್ಪನೆಂಬ ಮುದುಕ ಒಂದೊಂದೇ ಗೆಡ್ಡೆಯನ್ನು ಚಾಕುವಿನಿಂದ ಸೀಳಿ ತೋರಿಸಿದ. ಕಪ್ಪು. ಬಿಳಿ. ಬಿಳಿ. ಕಪ್ಪು. ಆಮೇಲೆ ಹಸಿರು ಗೂಟ. ಬಿಳಿ. ಬಿಳಿ. ಬಿಳಿ. ಬಿಳಿ. ಒಂದು ಕಪ್ಪು. ಮತ್ತೆ ಬಿಳಿ.

"ನಾಲ್ಕು ಬೆರಳು ಅಂದ್ರೆ ಎಷ್ಟು ತಾಯಿ, ತೋರ್ಸು," ಎಂದು ಮಾರಪ್ಪ ಹೂವಮ್ಮನನ್ನು ಕೇಳಿದ. ಅವಳು ಬಗ್ಗಿ ಬಳ್ಳಿಯ ಬುಡಕ್ಕೆ ಬೆರಳು ಅಳತೆಯಿಟ್ಟು ತೋರಿಸಿದಳು. ತೊಂಬತ್ತು ಜನ ಒಟ್ಟಿಗೆ ಬಗ್ಗಿ ನೋಡಿದರು. ಅಷ್ಟರಲ್ಲಿ ಸಾಹೇಬರ ಜೀಪು ಹೊರಟುಹೋಗಿತ್ತು.

ಗುದ್ದಲಿ ಕೆಳಗಿಟ್ಟು ಹಾಲೇಶ ಅವಳ ಹತ್ತಿರ ಬಂದ. "ಜಗದಾಂಬಾ ಅವರೇ..."

"ಮೇಡಂ ಅನ್ನಿ," ಎಂದು ಅವಳು ಬ್ಯಾಗು ಹೆಗಲಿಗೇರಿಸಿ ಬಸ್ಸಿನ ದಾರಿ ಹಿಡಿದಳು. ತಿರುವಿನಾಚೆ ಯಾರಿಗೂ ಕಾಣದ ಜಾಗಕ್ಕೆ ಬಂದ ಮೇಲೆ ಮುಖ ಮುಚ್ಚಿಕೊಂಡು ಅತ್ತಳು.

ಮಾರ್ಚ್ ಕೊನೆಗೆ ಅವಳ ಕೆಲಸ ಹೋಯಿತು. ಕಾರಣ ಬರೆದಿರಲಿಲ್ಲ. ಅವಳು ಎಣಿಕೆಯ ಪುಟಗಳನ್ನೆಲ್ಲ ಜೆರಾಕ್ಸ್ ಮಾಡಿಸಿ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದಳು. ಉತ್ತರ ಬರಲಿಲ್ಲ. ಮತ್ತೆ ಕಳಿಸಿದಳು. ತಂದೆ ಷಡಕ್ಷರಪ್ಪನವರು, "ಇನ್ನು ಸಾಕು ಬಿಡಮ್ಮ," ಎಂದರು. ಮೂರನೇ ಸಲ ಕಳಿಸಿದಳು. ಆ ದಿನಗಳಲ್ಲಿ ಹಾಲೇಶ ಎರಡು ಸಲ ಗೋಪಾಳದ ಬಸ್ ಸ್ಟಾಪಿಗೆ ಬಂದು ನಿಂತಿದ್ದ. ಎರಡು ಸಲವೂ ಅವಳು ಅವನ ಮುಂದೆಯೇ ನಡೆದುಹೋಗಿದ್ದಳು. ಹೋಗುವಾಗ ಒಂದೊಂದು ಹೆಜ್ಜೆಯೂ ಭಾರವಾಗಿತ್ತು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮೇ ತಿಂಗಳಲ್ಲಿ ಕೇಂದ್ರ ಕಚೇರಿಯಿಂದ ತಿದ್ದಿದ ಕರಪತ್ರದ ಐವತ್ತು ಪ್ರತಿ ಬಂದವು. ಔಷಧಿಗೆ ಹತ್ತೊಂಬತ್ತು. ನೆಲದ ಮೇಲಿಂದ ಕೊಯ್ದ ಬಳ್ಳಿಗೆ ಏಳು. ಜಾಹೀರಾತು ಇರಲಿಲ್ಲ. ಆದರೆ ಹೂವಮ್ಮನ ಹೆಸರೂ ಇರಲಿಲ್ಲ. 'ರೈತರ ಹೊಲವೊಂದರಲ್ಲಿ ಕಂಡುಬಂದಂತೆ' ಎಂದಷ್ಟೇ ಇತ್ತು. ಜಗದಾಂಬಾ ಹಲ್ಲು ಕಚ್ಚಿ ಪೆನ್ನು ತೆಗೆದು ಐವತ್ತು ಪ್ರತಿಗಳಲ್ಲೂ ಆ ಸಾಲಿನ ಪಕ್ಕ 'ಶ್ರೀಮತಿ ಹೂವಮ್ಮ' ಎಂದು ಬರೆದು, ಅವನ್ನು ಭದ್ರಾವತಿಗೆ ಒಯ್ದು ಹೂವಮ್ಮನ ಕೈಗಿಟ್ಟಳು. ಹಾಲೇಶ ಪಾಳಿಗೆ ಹೋಗಿರುವ ಹೊತ್ತನ್ನೇ ನೋಡಿಕೊಂಡು ಹೋಗಿದ್ದಳು.

ಹಿಂತಿರುಗುವಾಗ ಶಿವಮೊಗ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಸ್ಸು ಹೊರಡುವ ಹೊತ್ತಿಗೆ ಓಡಿ ಬಂದವನೊಬ್ಬ ಏದುಸಿರು ಬಿಡುತ್ತ ಪಕ್ಕದಲ್ಲಿ ಕೂತ.

"ಎಲ್ಲಿಗೆ?" ಕಂಡಕ್ಟರ್ ಕೇಳಿದ.

"ಇವರು ಎಲ್ಲಿಗೆ ತಗೊಂಡಿದಾರೋ ಅಲ್ಲಿಗೇ ಒಂದು," ಎಂದ ಹಾಲೇಶ.

ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಪಾಳಿ ಇತ್ತಲ್ಲ?"

"ನೀವು ಬಂದಿದೀರಿ ಅಂತ ಅವ್ವ ಸುದ್ದಿ ಮುಟ್ಟಿಸಿದ್ಲು. ರಜಾ ಹಾಕಿ ಬಂದೆ."

"ಯಾಕೆ?"

"ಬೈಸ್ಕೊಳ್ಳೋಕೆ."

ನಗು ತುಟಿಯವರೆಗೆ ಬಂದದ್ದನ್ನು ಅವಳು ಅಲ್ಲೇ ತಡೆದಳು. ಮೂರು ತಿಂಗಳಿಂದ ಕೂಡಿಟ್ಟ ಸಿಟ್ಟನ್ನು ಹಾಗೆ ಬಿಟ್ಟುಕೊಡುವುದುಂಟೇ? "'ಇದು ನೀವು ಬರೆದಿದ್ದಾ?' ಅಂತ ಮೂರು ಪದ. ಅಷ್ಟು ಕೇಳೋಕೆ ಆಗ್ಲಿಲ್ಲ ನಿಮಗೆ. ನಾಲ್ಕು ತಿಂಗಳು ನನ್ನ ಜೊತೆ ಆ ಬಿಸಿಲಲ್ಲಿ ಕೂತು ಬಳ್ಳಿ ಎಣಿಸಿದೋರು. ನಾನು ಒಂದು ಬಳ್ಳಿ ತಪ್ಪಿದ್ರೂ ಮತ್ತೆ ಮೊದಲಿಂದ ಎಣಿಸ್ತೀನಿ ಅಂತ ಗೊತ್ತಿದ್ದೋರು. ಯಾರು ಬೇಕಾದ್ರೂ ಅನುಮಾನ ಪಡಲಿ ಕಣ್ರೀ, ನೀವು ಪಡಬಾರ್ದಿತ್ತು!"

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ಚೆನ್ನಾಗಿ ಕೇಳಿಸಲೆಂದು ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು.

"ಹೌದು. ತಪ್ಪು ನಂದೇ." ಹಾಲೇಶ ತನ್ನ ಅಂಗೈ ನೋಡಿಕೊಂಡ. "ಆ ಕಾಗದದಲ್ಲಿ ನಿಮ್ಮ ಹೆಸರು ನೋಡಿದಾಗ ಅವ್ವನ ಸಾಲು ಹೋಯ್ತು ಅಂತ ಅನ್ನಿಸ್ಲಿಲ್ಲ. ನೀವು ಹೋದ್ರಿ ಅನ್ನಿಸ್ತು. ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ. ಅದಕ್ಕೆ ಅಷ್ಟು ಕೆಟ್ಟದಾಗಿ ಮಾತಾಡ್ದೆ."

ಬಸ್ಸು ಎಲ್ಲೋ ನಿಂತು ಜನ ಹತ್ತಿದರು, ಇಳಿದರು. ಅವಳಿಗೆ ಯಾವ ಸ್ಟಾಪೆಂದು ತಿಳಿಯಲಿಲ್ಲ.

"ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು?"

"ಅವತ್ತು ಗೊತ್ತಿರ್ಲಿಲ್ಲ. ನೀವು ಮೇಡಂ ಅನ್ನಿ ಅಂತ ಹೇಳಿ ಹೋದ್ರಲ್ಲ, ಅವತ್ತು ಗೊತ್ತಾಯ್ತು." ಅವನು ಅವಳತ್ತ ತಿರುಗಿದ. "ಮದ್ವೆ ಆಗ್ತೀರಾ ನನ್ನ?"

ಮುಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದದ್ದು ಸ್ಪಷ್ಟವಾಗಿ ಕೇಳಿಸಿತು.

"ಅಪ್ಪನ ಹತ್ರ ನಾನೇ ಮಾತಾಡ್ತೀನಿ. ನೀವು ಬಂದ್ರೆ ಕೆಲಸ ಕೆಡುತ್ತೆ," ಎಂದಳು ಜಗದಾಂಬಾ. ಅವನಿಗೆ ಅದರ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾಗಿ ಮುಖ ಅರಳುವಷ್ಟರಲ್ಲಿ ಅವಳು ಬೆರಳೆತ್ತಿದಳು. "ಇನ್ನೊಂದು ವಿಷಯ ಇದೆ. ಮದ್ವೆ ಆದ ಮಾರನೇ ದಿನದಿಂದ ಗಂಡಸರು ಹೆಂಡ್ತಿಗೆ ನೀನು ಅಂತ ಶುರು ಮಾಡ್ತಾರೆ. ಹೆಂಡ್ತಿ ಮಾತ್ರ ಸಾಯೋತನಕ ನೀವು, ನೀವು. ಅದು ನನ್ನ ಹತ್ರ ನಡೆಯಲ್ಲ."

"ನಡೆಯೋದು ಬೇಡ. ನೀನೂ ನನ್ನ ನೀನು ಅನ್ನು."

"ನೋಡು, ಇನ್ನೂ ಮದ್ವೆನೇ ಆಗಿಲ್ಲ, ಆಗ್ಲೇ ನೀನು ಅಂತೀಯಾ?"

ಹೇಳಿದ ಮೇಲೆ ತನ್ನ ಕಿವಿಗೇ ಅದು ಕೇಳಿಸಿತು. ಹಾಲೇಶ ಬಾಯಿಗೆ ಕೈ ಅಡ್ಡ ಹಿಡಿದ. ಮುಂದಿನ ಸೀಟಿನ ಹೆಂಗಸಿಗೆ ತಡೆಯಲಾಗಲಿಲ್ಲ, ಜೋರಾಗಿ ನಕ್ಕುಬಿಟ್ಟಳು. ಜಗದಾಂಬಾ ಕಿವಿಯವರೆಗೆ ಕೆಂಪಾಗಿ ಮತ್ತೆ ಕಿಟಕಿಯತ್ತ ತಿರುಗಿದಳು. ಸೀಟಿನ ಮೇಲಿದ್ದ ಅವಳ ಕೈಯ ಮೇಲೆ ಒಂದು ಒರಟು ಕೈ ಬಂದು ಕೂತಿತು. ಅವಳು ಸಿಟ್ಟಿನಿಂದಲೇ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.